ಪಾವನ ಎಂಬ ಮಾತಿನ ತೂಕ

ಇಂಗ್ಲಿಷ್ ಕೀರ್ತನೆಗಳ ಮಾತು ಬಂದರೆ ನಮ್ಮವರು ಇಂದಿಗೂ ಮೊದಲು ಹೊಗಳುವುದು ಜಾನ್ ಬ್ಯಾಕಸ್ ಡೈಕ್ಸ್ ಅವರ 'ನೈಸೀಯ' ರಾಗವನ್ನು. ಡೈಕ್ಸ್ (1823–1876) ಡರ್ಹ್ಯಾಮ್‌ನ ಆಂಗ್ಲಿಕನ್ ಪಾದ್ರಿ. ತಿರುಚಿರಾಪಳ್ಳಿಯಲ್ಲಿ 1826ರಲ್ಲಿ ತೀರಿಕೊಂಡ ಬಿಷಪ್ ಹೀಬರ್ ಬರೆದಿದ್ದ ತ್ರಿಯೇಕ ದೇವರ ಸ್ತುತಿಗೆ ಅವರು 1861ರಲ್ಲಿ ಈ ರಾಗ ಕಟ್ಟಿದರು. ಮರುವರ್ಷವೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನ ಫರ್ಡಿನಂಡ್ ಕಿಟೆಲ್ ಅವರ 'ಕಥಾಮಾಲೆ' ಅಚ್ಚಾಯಿತು. ಅದು ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹೇಳಿದ ಕಾವ್ಯ. ರಾಗವನ್ನು ಲೋಕವೇ ಹಾಡುತ್ತಿದೆ, ಕಾವ್ಯವನ್ನು ಕನ್ನಡಿಗರೇ ಮರೆತಿದ್ದಾರೆ. ಇದು ನ್ಯಾಯವಲ್ಲ.

ಡೈಕ್ಸ್ ಸಣ್ಣ ಕಲಾವಿದರಲ್ಲ. ಅವರ ರಾಗಗಳು ಅತಿ ಭಾವುಕವೆಂದು ಮುಂದಿನ ಪೀಳಿಗೆಯ ಇಂಗ್ಲಿಷ್ ವಿಮರ್ಶಕರು ಮೂಗು ಮುರಿದದ್ದನ್ನು ನಾನು ಒಪ್ಪುವುದಿಲ್ಲ. ನನ್ನ ತಕರಾರು ಇರುವುದು ಆ ರಾಗ ಕನ್ನಡದ ಬಾಯಿಗೆ ಬಂದಾಗ ಏನಾಗುತ್ತದೆ ಎಂಬುದರ ಬಗ್ಗೆ.

ರಾಗದ ಎತ್ತುಗಡೆ ನೋಡಿ: ಸ ಸ, ಗ ಗ, ಪ ಪ. ಮೊದಲ ನಾಲ್ಕು ಸ್ವರಕ್ಕೆ ಒಂದೊಂದು ಎಣಿಕೆ, ಕೊನೆಯ ಎರಡಕ್ಕೆ ಎರಡೆರಡು. ಇಂಗ್ಲಿಷಿನಲ್ಲಿ ಪವಿತ್ರ ಎಂಬರ್ಥದ ಎರಡಕ್ಷರದ ಮಾತು ಮೂರು ಸಲ ಇದರ ಮೇಲೆ ಕೂರುತ್ತದೆ, ಒತ್ತು ಸರಿಯಾಗಿ ಬೀಳುತ್ತದೆ. ಕನ್ನಡದಲ್ಲಿ 'ಪವಿತ್ರ' ಇಡೋಣವೆಂದರೆ ಮೂರಕ್ಷರ, ಸ್ವರ ಎರಡೇ. 'ಶುದ್ಧ' ಇಟ್ಟರೆ ಅಕ್ಷರ ಸರಿಹೋಯಿತು, ಆದರೆ ಒಂದು ಗುರು, ಒಂದು ಲಘು. ರಾಗಕ್ಕೆ ಆ ಭೇದವೇ ಗೊತ್ತಿಲ್ಲ. ಮೂರನೆಯ ಸಲ ಲಘುವನ್ನು ಎಳೆದು 'ಶುದ್ಧಾ' ಮಾಡಿಬಿಡುತ್ತದೆ. ನಮ್ಮ ನುಡಿಯಲ್ಲಿ ಎಳೆತವೆಂದರೆ ಅರ್ಥ: ನಡು ಎಳೆದರೆ ನಾಡು, ಬಲ ಎಳೆದರೆ ಬಾಲ.

ಈಗ ನಮ್ಮ ಭಾಮಿನಿ ಷಟ್ಪದಿಯ ನಡೆಗೆ ಬನ್ನಿ. ಮೂರು, ನಾಲ್ಕು, ಮೂರು, ನಾಲ್ಕು; ಚಿಕ್ಕ ಸಾಲಿಗೆ 14 ಮಾತ್ರೆ. ಇಲ್ಲೂ 'ಪವಿತ್ರ' ಸಲ್ಲದು. ಮಾತ್ರೆ ನಾಲ್ಕೇ ಆದರೂ ಲಘುವಿನ ಬೆನ್ನಿಗೆ ಗುರು ಬಂದು ಗಣದ ಮೊದಲಲ್ಲೇ ನಡೆ ಮುಗ್ಗರಿಸುತ್ತದೆ. ಆಗ ಛಂದಸ್ಸೇ ಕವಿಯನ್ನು ಇನ್ನೊಂದು ಮಾತಿಗೆ ದೂಡುತ್ತದೆ: ಪಾವನ. ಗುರು, ಲಘು, ಲಘು. 'ದೇವ ಪಾವನ ಲೋಕಪಾವನ' ಎನ್ನಿ, ಸಾಲು ತಾನಾಗಿ ನಡೆಯುತ್ತದೆ. ನಮ್ಮ ಛಂದಸ್ಸು ಬೇಡವೆನ್ನುವಾಗಲೂ ಹೀಗೆ ಒಳ್ಳೆಯ ಮಾತನ್ನು ಹುಡುಕಿಕೊಡುತ್ತದೆ. ಆಮದಾದ ರಾಗ ಇದ್ದ ಮಾತನ್ನೇ ಹಿಗ್ಗಿಸಿ ಕುಗ್ಗಿಸುತ್ತದೆ. ಕಿಟೆಲ್ ಹಿಡಿದ ದಾರಿಯ ಹಿರಿಮೆ ಇಲ್ಲಿದೆ. ಮುಂದೆ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿಕೊಟ್ಟವರು ಇದೇ ಕಿಟೆಲ್.

ಆದರೂ ನಮ್ಮ ವಿದ್ವಾಂಸರಿಗೆ ಅವರು 1894ರ ನಿಘಂಟಿನ ಕಿಟೆಲ್ ಮಾತ್ರ. 70,000 ಪದಗಳ ಆ ಕೆಲಸಕ್ಕೆ ಕೈಮುಗಿದು ಕಾವ್ಯವನ್ನು 'ಮತಪ್ರಚಾರ' ಎಂದು ಬದಿಗಿಡುತ್ತಾರೆ. ಮತದ ಮಾತು ಹೇಳಿದ್ದೇ ದೋಷವಾದರೆ ಹರಿಹರನ ರಗಳೆಗಳನ್ನು ಎಲ್ಲಿಡುವುದು? ಇನ್ನು ಕೆಲವರು ಕುಮಾರವ್ಯಾಸನನ್ನು ಪಕ್ಕಕ್ಕೆ ನಿಲ್ಲಿಸಿ ಕಿಟೆಲ್‌ರನ್ನು ಅಳೆಯುತ್ತಾರೆ. ಆ ಅಳತೆಗೆ ಯಾರು ನಿಂತಾರು? ಕೇಳಬೇಕಾದ್ದು ಒಂದೇ: ಹೊರಗಿನಿಂದ ಬಂದ ಕಥೆ ಇಲ್ಲಿಯ ಕಿವಿಗೆ ಒಗ್ಗುವ ದಾರಿ ಯಾವುದು?

ಡೈಕ್ಸ್ ಪರವಾಗಿ ಒಂದು ಮಾತು ಉಳಿದಿದೆ. ಅವರ ರಾಗವನ್ನು ಇಡೀ ಸಭೆ ಒಟ್ಟಾಗಿ ಹಾಡಬಹುದು, ಷಟ್ಪದಿಗೆ ಗಮಕಿ ಬೇಕು. ನಿಜ. ಆದರೆ ರಾಜಘಟ್ಟದಂಥ ನಮ್ಮ ಬಯಲುಸೀಮೆಯ ಊರುಗಳ ಭಜನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಕೂಡಿ ಹಾಡುವುದನ್ನು ನಾವು ಯಾರಿಂದಲೂ ಕಲಿಯಬೇಕಿಲ್ಲ. ಇದೇ ರಾಜಘಟ್ಟದಲ್ಲಿ 2001ರ ಉತ್ಖನನದಲ್ಲಿ ಬೌದ್ಧ ಚೈತ್ಯ, ವಿಹಾರಗಳ ಜೊತೆ ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳು ಸಿಕ್ಕವು. ಬುದ್ಧನ ಮಾತು ದೂರದಿಂದ ಬಂದದ್ದು. ಅದನ್ನು ನಂಬಿದವರು ಹರಕೆ ಒಪ್ಪಿಸಿದ್ದು ಇಲ್ಲಿಯ ಮಣ್ಣಿನಲ್ಲಿ.

ಕಿಟೆಲ್ ಮಾಡಿದ್ದೂ ಅದನ್ನೇ. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರತಿಮೆಗೆ ವರ್ಷಕ್ಕೊಮ್ಮೆ ಹಾರ ಹಾಕಿದರೆ ಅವರ ಋಣ ತೀರದು. ಒಬ್ಬ ಒಳ್ಳೆಯ ಗಮಕಿ ಕಥಾಮಾಲೆಯನ್ನು ಬಾಯಿಬಿಟ್ಟು ಓದಲಿ, ನಾವು ಕೂತು ಕೇಳೋಣ. ಅದರ ಬೆಲೆಯ ಮಾತು ಆಮೇಲೆ.