ಏಳು ವಾರದ ರಜೆಯೂ ಎರಡನೇ ಕ್ಲಾಸಿನ ಓದೂ

ಮೇ ತಿಂಗಳ ಕೊನೆಯ ವಾರ ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಹೋಬಳಿಯ ಯಾವ ಊರಿಗೆ ಹೋದರೂ ಜಗಲಿ ಮೇಲೆ ಕೂತು ಮಗ್ಗಿ ಬರೆಯುವ ಒಂದಿಬ್ಬರು ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಹತ್ತಿರ ಕೂತು ನೋಡಬೇಕು. ಎರಡರ ಮಗ್ಗಿ ಬರೆಯುವ ಮಗು ಪುಟದ ಎಡಕ್ಕೆ ಮೇಲಿಂದ ಕೆಳಕ್ಕೆ 2, 2, 2 ಎಂದು ಹತ್ತು ಸಲ ಇಳಿಸುತ್ತದೆ. ಅದರ ಪಕ್ಕದಲ್ಲಿ ಗುಣಾಕಾರದ ಗುರುತು ಹತ್ತು ಸಲ. ಆಮೇಲೆ 1ರಿಂದ 10. ಕೊನೆಗೆ ಉತ್ತರದ ಸಾಲು. ಅದು ಹಳೇ ನೋಟ್‌ಬುಕ್ಕಿನಲ್ಲಿ ಇದ್ದೇ ಇದೆ. ಎರಡು ಮೂರಲ ಎಷ್ಟು ಎಂದು ಆ ಮಗು ಒಂದು ಸಲವೂ ಯೋಚಿಸಬೇಕಾಗಿಲ್ಲ. ಕಾಪಿ ಬರಹದ ಕತೆಯೂ ಇದೇ. ಮೇಲೆ ಅಚ್ಚಾಗಿರುವ ವಾಕ್ಯದ ಮೊದಲ ಪದವನ್ನು ಪುಟದ ತಳದವರೆಗೆ ಬರೆದು ಮುಗಿಸಿ, ಆಮೇಲೆ ಎರಡನೆಯ ಪದಕ್ಕೆ ಕೈ ಹಾಕುತ್ತದೆ. ವಾಕ್ಯವನ್ನು ಓದದೆಯೇ ಪುಟ ತುಂಬುತ್ತದೆ. ಮಗುವನ್ನು ಬೈಯುವುದು ಅನ್ಯಾಯ. ಪುಟ ತುಂಬಿಸು ಎಂದರು, ತುಂಬಿಸಿತು.

ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯದಿರಲಿ ಎಂದು ನಾವು ಮನೆಯಲ್ಲಿ ಮಾಡಿಸುವ ಕೆಲಸ ಬಹುಪಾಲು ಇಷ್ಟೇ. ಇದು ತಲೆಮಾರುಗಳಿಂದ ನಡೆದುಬಂದಿದೆ, ಯಾರೂ ಪ್ರಶ್ನಿಸಿಲ್ಲ. ಒಂದು ಪುಸ್ತಕವನ್ನು, ಒಂದು ನಾಟಕವನ್ನು ವಿಮರ್ಶೆ ಮಾಡುವ ಹಾಗೆ ಈ ರೂಢಿಯನ್ನೂ ಎದುರಿಗಿಟ್ಟುಕೊಂಡು ನೋಡುವುದು ಒಳ್ಳೆಯದು: ಇದು ಏನನ್ನು ಉಳಿಸಲು ಹೊರಟಿದೆ, ಅದನ್ನು ಉಳಿಸುತ್ತದೆಯೇ?

ನಮ್ಮ ಸರ್ಕಾರಿ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ. ಒಟ್ಟು 48 ದಿನ, ಹತ್ತಿರ ಹತ್ತಿರ ಏಳು ವಾರ. ಏಳನೇ ಕ್ಲಾಸಿನ ಹುಡುಗನಿಗೆ ಇದು ಅಂಥ ದೊಡ್ಡ ಅಂತರವಲ್ಲ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳ ಮಾತು ಬೇರೆ. ಕನ್ನಡದ ಓದು ವರ್ಣಮಾಲೆಯ 49 ಅಕ್ಷರಕ್ಕೆ ಮುಗಿಯುವುದಿಲ್ಲ. 34 ವ್ಯಂಜನಗಳಿಗೆ ಗುಣಿತ ಕೂಡಿದರೆ ರೂಪಗಳು ನಾನೂರು ದಾಟುತ್ತವೆ, ಅದರ ಮೇಲೆ ಒತ್ತಕ್ಷರಗಳು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಮಕ್ಕಳ ಆರಂಭದ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದ ಮುಖ್ಯ ಮಾತು ಇದೇ: ಇಂಗ್ಲಿಷಿನಂಥ ಅಕ್ಷರಮಾಲೆಗೆ ಹೋಲಿಸಿದರೆ ನಮ್ಮ ಅಕ್ಷರಗಳ ಮೇಲೆ ಹಿಡಿತ ಬರಲು ಹೆಚ್ಚು ಕಾಲ ಬೇಕು, ಆ ಕಲಿಕೆ ಮೇಲಿನ ತರಗತಿಗಳಿಗೂ ಮುಂದುವರಿಯುತ್ತದೆ. ಅಂದರೆ ಏಪ್ರಿಲ್‌ನಲ್ಲಿ ರಜೆ ಬಿಡುವ ಹೊತ್ತಿಗೆ ಎರಡನೇ ಕ್ಲಾಸಿನ ಮಗು ದಾರಿ ಮಧ್ಯದಲ್ಲಿ ನಿಂತಿರುತ್ತದೆ. ಕಾಗುಣಿತ ಬಂದಿದೆ, ಒತ್ತಕ್ಷರ ಬಂದೂ ಬಾರದಂತಿದೆ. ಆ ಅರೆಬರೆ ಹಿಡಿತವೇ ಮೊದಲು ಜಾರುವುದು.

ಇದು ಹೇಗಿರುತ್ತದೆಂದು ನೋಡಬೇಕಾದರೆ ಮಗುವನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಬೋರ್ಡು ಓದಿಸಿ. ‘ನಾಗಮಂಗಲ’ ಸಲೀಸು, ಒಂದು ದೀರ್ಘ, ಒಂದು ಸೊನ್ನೆ, ಮಿಕ್ಕಿದ್ದು ಬರೀ ಅಕಾರ. ‘ಪಾಂಡವಪುರ’, ‘ಬಿಂಡಿಗನವಿಲೆ’ ಸ್ವಲ್ಪ ತಡೆದು ತಡೆದು ಬರುತ್ತವೆ, ಆದರೂ ಬರುತ್ತವೆ, ಒತ್ತಿಲ್ಲವಲ್ಲ. ‘ಬೆಳ್ಳೂರು ಕ್ರಾಸ್’ ಬಂದಾಗ ಮಗು ನಿಲ್ಲುತ್ತದೆ. ‘ಚನ್ನರಾಯಪಟ್ಟಣ’ದಲ್ಲಿ ಎರಡು ಕಡೆ ಎಡವುತ್ತದೆ. ‘ಶ್ರೀರಂಗಪಟ್ಟಣ’ದ ಮೊದಲ ಅಕ್ಷರದಲ್ಲೇ ಒತ್ತೂ ದೀರ್ಘವೂ ಒಟ್ಟಿಗೆ ಕೂತಿವೆ, ಅದನ್ನು ಬಿಡಿಸಿ ಓದಬಲ್ಲ ಮಗುವಿನ ಬಗ್ಗೆ ಮನೆಯವರು ನಿಶ್ಚಿಂತೆಯಿಂದ ಇರಬಹುದು. ಮಾರ್ಚ್‌ನಲ್ಲಿ ಈ ಬೋರ್ಡುಗಳನ್ನು ಓದುತ್ತಿದ್ದ ಮಗು ಜೂನ್‌ನಲ್ಲಿ ‘ಬೆಳೂರು’ ಅಂದರೆ ಏಳು ವಾರದಲ್ಲಿ ಹೋದದ್ದೇನು ಎಂಬುದು ಗೊತ್ತಾಗುತ್ತದೆ. ಕಾಪಿ ಬರಹದ ನೂರು ಪುಟ ಅದನ್ನು ತಡೆದಿಲ್ಲ, ಏಕೆಂದರೆ ಅಲ್ಲಿ ಕೈಗಷ್ಟೇ ಕೆಲಸವಿತ್ತು, ಬಾಯಿಗೂ ಕಿವಿಗೂ ಇರಲಿಲ್ಲ.

ರಜೆಯ ನಷ್ಟ ಎಷ್ಟು ಎಂಬ ವಿಚಾರದಲ್ಲಿ ಅಮೆರಿಕದ ವಿದ್ವಾಂಸರಲ್ಲೇ ಒಮ್ಮತವಿಲ್ಲ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ, ಸರಾಸರಿ ಒಂದು ತಿಂಗಳ ಪಾಠದಷ್ಟು ಹಿಂದೆ ಬೀಳುತ್ತಾರೆ ಎಂದಿದ್ದರು. ಈಚೆಗೆ ಕೆಲವರು ಆ ಲೆಕ್ಕವನ್ನೇ ಅನುಮಾನಿಸಿದ್ದಾರೆ. ನಮಗೆ ಆ ಜಗಳಕ್ಕಿಂತ ಹತ್ತಿರದ ಸಾಕ್ಷ್ಯ ಕೋವಿಡ್ ಕಾಲದ್ದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇ 92. ಗಣಿತದಲ್ಲಿ ಶೇ 82. ಅದು ಬೇಸಿಗೆ ರಜೆಗಿಂತ ಬಹಳ ಉದ್ದದ ರಜೆ, ಸರಿ. ಆದರೆ ಬಳಸದ ಓದು ನಿಂತಲ್ಲೇ ನಿಲ್ಲುವುದಿಲ್ಲ, ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಅದು ನಮ್ಮ ಮಕ್ಕಳಲ್ಲೇ ತೋರಿಸಿಕೊಟ್ಟಿತು. ಶಿಕ್ಷಣ ಇಲಾಖೆಗೂ ಇದು ಗೊತ್ತಿರುವ ಸಂಗತಿಯೇ. ಪ್ರತಿ ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೆನಪಿಸುವ ‘ಸೇತುಬಂಧ’ ನಡೆಯುವುದು ಮತ್ತೆ ಯಾತಕ್ಕೆ?

ಬೆಂಗಳೂರಿನಿಂದ ಅಜ್ಜಿ ಮನೆಗೆ ಬರುವ ಮೊಮ್ಮಕ್ಕಳ ಚೀಲದಲ್ಲಿ ಇನ್ನೊಂದು ಬಗೆಯ ರಜೆ ಕೆಲಸ ಇರುತ್ತದೆ. ಥರ್ಮಾಕೋಲಿನ ಮನೆ, ಸೌರಮಂಡಲ, ಬಣ್ಣದ ಪ್ರಿಂಟ್ ಅಂಟಿಸಿದ ‘ಪ್ರಾಜೆಕ್ಟ್’. ಆರು ವರ್ಷದ ಮಗು ಇದನ್ನು ಮಾಡಲಾರದು ಎಂದು ಕೊಟ್ಟವರಿಗೂ ಗೊತ್ತು. ಅಪ್ಪ ಪ್ರಿಂಟ್ ತೆಗೆಸುತ್ತಾರೆ, ಅಮ್ಮ ಕತ್ತರಿಸುತ್ತಾರೆ, ಮಗು ಗೋಂದು ಹಚ್ಚುತ್ತದೆ. ಕಾಪಿ ಬರಹಕ್ಕಾದರೂ ಖರ್ಚು ಕಡಿಮೆ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ರಜೆಯ ಕೆಲಸಗಳಿಗೆಲ್ಲ ಎದುರಾಗಿ ಒಂದು ಪ್ರೀತಿಯ ವಾದ ಇದೆ: ಹಳ್ಳಿಯ ಮಗುವಿಗೆ ರಜೆಯೇ ಶಾಲೆ, ಬಿಟ್ಟುಬಿಡಿ, ಆಡಿಕೊಳ್ಳಲಿ. ಈ ವಾದದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿ, ನಾಲ್ಕು ಬೀಜ ಕೈಯಲ್ಲಿ ಹಿಡಿದು ಚೌಕಾಬಾರ ಆಡುವ ಮಗು ಸುಮ್ಮನೆ ಆಡುತ್ತಿಲ್ಲ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು ಮನೆ. ಬೀಜ ಬಿದ್ದ ಕೂಡಲೇ, ಯಾವ ಕಾಯಿ ನಡೆಸಿದರೆ ಅಕ್ಕನ ಕಾಯಿ ಸಿಗುತ್ತದೆ ಎಂದು ಎಣಿಸದೆಯೇ ಹೇಳುತ್ತದೆ. ಅಳಿಗುಳಿ ಮಣೆಯಲ್ಲಿ ಹದಿನಾಲ್ಕು ಗುಳಿಗೆ ಐದೈದು ಬೀಜ ಹಂಚುವಾಗ ಎಪ್ಪತ್ತು ಬೇಕು ಎಂಬುದು ಕೈಗೇ ತಿಳಿದಿರುತ್ತದೆ. ನೋಟ್‌ಬುಕ್ಕಿನ ಮಗ್ಗಿಗಿಂತ ಇದು ಎಷ್ಟೋ ಮೇಲು. ಭರಣಿ ಮಳೆ ಬಿದ್ದು ಎಳ್ಳು ಬಿತ್ತುವ ದಿನ ಅಪ್ಪನ ಹಿಂದೆ ಹೊಲಕ್ಕೆ ಹೋದ ಮಗು ಕೇಳುವ ಪ್ರಶ್ನೆಗಳೂ ಅಷ್ಟೇ ಬೆಲೆಯುಳ್ಳವು.

ಉಳಿದ ಅರ್ಧ ಸತ್ಯವಲ್ಲ. ಚೌಕಾಬಾರ ಲೆಕ್ಕ ಕಲಿಸುತ್ತದೆ, ಒತ್ತಕ್ಷರ ಕಲಿಸುವುದಿಲ್ಲ. ಎಣಿಕೆ ಊರಿನ ಗಾಳಿಯಲ್ಲಿದೆ. ಅಂಗಡಿಯಲ್ಲಿದೆ, ಸಂತೆಯಲ್ಲಿದೆ, ಡೈರಿಗೆ ಹಾಲು ಹಾಕುವಲ್ಲಿದೆ. ಓದು ಹಾಗಿಲ್ಲ. ಮನೆಯಲ್ಲಿ ಕ್ಯಾಲೆಂಡರು, ಗೊಬ್ಬರದ ಚೀಲ, ಮದುವೆಯ ಲಗ್ನಪತ್ರಿಕೆ ಬಿಟ್ಟರೆ ಅಚ್ಚಾದ ಕನ್ನಡವೇ ಇಲ್ಲದ ಮನೆಗಳು ಬಹಳ. ಅಂಥ ಮನೆಯ ಮಗುವನ್ನು ‘ಪ್ರಕೃತಿಯ ಮಡಿಲಲ್ಲಿ ಕಲಿಯಲಿ’ ಎಂದು ಬಿಟ್ಟುಬಿಡುವವರ ಮಕ್ಕಳ ಕೋಣೆಯಲ್ಲಿ ಸಾಮಾನ್ಯವಾಗಿ ಪುಸ್ತಕದ ಕಪಾಟು ಇರುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಧ್ಯಾಹ್ನದೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿತ್ತು. 2017ರ ಬರಗಾಲದಲ್ಲಿ ನಮ್ಮ ರಾಜ್ಯ ಊಟದ ಜತೆಗೆ ‘ಸ್ವಲ್ಪ ಓದು, ಸ್ವಲ್ಪ ಮೋಜು’ ಎಂಬ ಬೇಸಿಗೆ ಕಾರ್ಯಕ್ರಮವನ್ನೂ ನಡೆಸಿತು. ಹೆಸರೇ ಚೆಂದ, ನೀರು, ಆಹಾರ, ಪರಿಸರದಂಥ ವಿಷಯಗಳ ಸುತ್ತ ಚಟುವಟಿಕೆ ಹೆಣೆದ ರೀತಿಯೂ ಚೆಂದ. ಅದರ ಕೊರತೆ ಒಂದೇ, ಆದರೆ ದೊಡ್ಡದು: ಅದು ಕಣ್ಣಿಟ್ಟದ್ದು ಹಿರಿಯ ಪ್ರಾಥಮಿಕ ತರಗತಿಯ ಮಕ್ಕಳ ಮೇಲೆ. ಓದು ಕಾಲೂರುವ ಮೊದಲ ಮೂರು ಕ್ಲಾಸಿನವರು ಅಣ್ಣ ಅಕ್ಕಂದಿರ ಜತೆ ಉಣ್ಣಲು ಬಂದವರಾದರು. 2024ರ ಬೇಸಿಗೆಯಲ್ಲಿ ಮತ್ತೆ 223 ಬರಪೀಡಿತ ತಾಲ್ಲೂಕುಗಳಿಗೆ ರಜೆಯ ಬಿಸಿಯೂಟ ಬಂತು. ಬಿಸಿಲಲ್ಲಿ ನಡೆದು ಬಂದು, ಉಂಡು, ನೆರಳಲ್ಲಿ ಕೂತ ಮಗುವಿನ ಕೈಗೆ ಒಂದು ಕತೆ ಪುಸ್ತಕ ಕೊಟ್ಟು ಅರ್ಧ ಗಂಟೆ ಓದಿಸುವುದಕ್ಕೆ ಹೊಸ ಯೋಜನೆ, ಹೊಸ ಲಾಂಛನ ಬೇಕಾಗಿಲ್ಲ.

ಚಿಕ್ಕ ತರಗತಿಗಳಿಗೆಂದೇ ಇರುವ ನಲಿ–ಕಲಿಯ ಬಗ್ಗೆಯೂ ಇಲ್ಲಿ ಒಂದು ಮಾತು ಆಡಲೇಬೇಕು. 1995ರಲ್ಲಿ ಪಕ್ಕದ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕಟ್ಟಿ ಬೆಳೆಸಿದ ಈ ಪದ್ಧತಿಯ ದೊಡ್ಡ ಗುಣ, ಪ್ರತಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದು ಮೇಷ್ಟ್ರಿಗೆ ಗೊತ್ತಿರುತ್ತದೆ. ತರಗತಿಗೆಲ್ಲ ಒಂದೇ ಪಾಠ ಎಂಬುದನ್ನು ಮುರಿದ ಪದ್ಧತಿ ಅದು. ಆದರೆ ಏಪ್ರಿಲ್‌ನಲ್ಲಿ ಆ ಅರಿವು ಕಲಿಕಾ ಕಾರ್ಡುಗಳ ಜತೆಗೇ ಬೀರುವಿಗೆ ಹೋಗಿ ಕೂರುತ್ತದೆ. ಪ್ರಗತಿ ನೋಟದಲ್ಲಿ ಗುರುತು ಇದೆ, ಮನೆಗೆ ಸುದ್ದಿ ಇಲ್ಲ. ‘ನಿಮ್ಮ ಹುಡುಗಿಗೆ ಕಾಗುಣಿತ ಬಂದಿದೆ, ಸಜಾತಿ ಒತ್ತಕ್ಷರದಲ್ಲಿ ತಡೆಯುತ್ತಾಳೆ, ಈ ಐದು ಪುಸ್ತಕ ಓದಿಸಿ’ ಎಂದು ರಜೆ ಬಿಡುವ ದಿನ ತಾಯಿಗೆ ಹೇಳುವ ಶಾಲೆ, ಹತ್ತು ಕಾಪಿ ಪುಸ್ತಕ ಹಂಚುವ ಶಾಲೆಗಿಂತ ಹೆಚ್ಚು ಕೆಲಸ ಮಾಡಿದಂತೆ. ಹಾಗೆ ಮಾಡುವ ಶಿಕ್ಷಕಿಯರು ಅಲ್ಲಲ್ಲಿ ಇದ್ದಾರೆ. ಅವರ ವೈಯಕ್ತಿಕ ಒಳ್ಳೆಯತನ ಇನ್ನೂ ಪದ್ಧತಿಯಾಗಿಲ್ಲ.

ಓದಿಸಿ ಅಂದರೆ ಯಾರು ಓದಿಸಬೇಕು? ಅವ್ವ ಗಾರ್ಮೆಂಟ್ಸಿಗೋ ಕೂಲಿಗೋ ಹೋಗಿದ್ದಾಳೆ, ಮನೆಯಲ್ಲಿರುವ ಅಜ್ಜಿಗೆ ಅಕ್ಷರ ಬರುವುದಿಲ್ಲ. ಈ ತಕರಾರನ್ನು ಎಲ್ಲರೂ ಎತ್ತುತ್ತಾರೆ. ಇದಕ್ಕೆ ನನ್ನ ಉತ್ತರ ನೇರವಾದದ್ದು: ಎರಡನೇ ಕ್ಲಾಸಿನ ಮಗುವಿಗೆ ರಜೆಯಲ್ಲಿ ಬೇಕಾದದ್ದು ಪಾಠ ಹೇಳುವವರಲ್ಲ, ಕೇಳಿಸಿಕೊಳ್ಳುವವರು. ಅವರೆಕಾಳು ಆರಿಸುತ್ತಲೋ ರಾಗಿ ಕೇರುತ್ತಲೋ ‘ಏನವ್ವ ಬರ್ದದೆ ಅದ್ರಲ್ಲಿ, ಓದು ಕೇಳಾನ’ ಎನ್ನುವ ಅಜ್ಜಿ ಸಾಕು. ಮಗು ತಪ್ಪು ಓದಿದರೆ ಕತೆ ಕೆಡುತ್ತದೆ, ಅಜ್ಜಿಗೆ ಅರ್ಥವಾಗುವುದಿಲ್ಲ, ‘ಅಂಗಂದ್ರೆ?’ ಅನ್ನುತ್ತಾಳೆ, ಮಗು ಹಿಂದಕ್ಕೆ ಹೋಗಿ ಮತ್ತೆ ಓದುತ್ತದೆ. ‘ಕಲು’ ಎಂದು ಓದಿದ್ದು ‘ಕಲ್ಲು’ ಆಗುವುದು ಆಗಲೇ. ‘ಆಮ್ಯಾಕೆ ಏನಾಯ್ತು?’ ಎಂಬ ಪ್ರಶ್ನೆ ಮುಂದಿನ ಪುಟ ತಿರುಗಿಸುತ್ತದೆ. ಅಕ್ಷರ ಬಾರದ ಅಜ್ಜಿ ಭಾಷೆ ಬಾರದವಳಲ್ಲ. ಕತೆ ಎಲ್ಲಿ ತಪ್ಪಿತೆಂದು ಅವಳ ಕಿವಿಗೆ ತಕ್ಷಣ ಗೊತ್ತಾಗುತ್ತದೆ.

ಇದನ್ನು ಬರೀ ಭಾವನೆಯಿಂದ ಹೇಳುತ್ತಿಲ್ಲ. ಅಮೆರಿಕದ ಸಂಶೋಧಕರಾದ ಜೇಮ್ಸ್ ಕಿಮ್ ಮತ್ತು ಥಾಮಸ್ ವೈಟ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಸಿಗೆಗೆ ಪುಸ್ತಕ ಮಾತ್ರ ಪಡೆದ ಮಕ್ಕಳಿಗಿಂತ, ಪುಸ್ತಕದ ಜತೆಗೆ ಮನೆಯವರೆದುರು ಗಟ್ಟಿಯಾಗಿ ಓದುವ ಮತ್ತು ಓದಿದ್ದನ್ನು ಹೇಳುವ ಅಭ್ಯಾಸವನ್ನೂ ಪಡೆದ ಮಕ್ಕಳು ಚೆನ್ನಾಗಿ ಓದಿದರು. ರಿಚರ್ಡ್ ಆಲಿಂಗ್ಟನ್ ಮತ್ತು ಸಂಗಡಿಗರು ಬಡ ಶಾಲೆಗಳ ಮಕ್ಕಳಿಗೆ ಮೂರು ಬೇಸಿಗೆ ಕಾಲ, ಪ್ರತಿ ಬೇಸಿಗೆಗೆ ಹನ್ನೆರಡರಂತೆ, ಅವರೇ ಆರಿಸಿಕೊಂಡ ಪುಸ್ತಕ ಕೊಟ್ಟು ನೋಡಿದರು. ಕೊಡದ ಮಕ್ಕಳಿಗಿಂತ ಇವರ ಓದು ಮುಂದಿತ್ತು. ಹನ್ನೆರಡು ಪುಸ್ತಕ, ಅಷ್ಟೇ. ಪ್ರಥಮ್ ಬುಕ್ಸ್‌ನ ತೆಳು ಕನ್ನಡ ಪುಸ್ತಕಗಳ ಲೆಕ್ಕದಲ್ಲಿ ಇದು ಒಂದು ಮಗುವಿನ ಥರ್ಮಾಕೋಲ್ ಪ್ರಾಜೆಕ್ಟಿನ ಖರ್ಚಿಗಿಂತ ಬಹಳ ದೊಡ್ಡದಲ್ಲ.

ಪುಸ್ತಕ ಎಲ್ಲಿಂದ ಎಂಬುದಕ್ಕೆ ಉತ್ತರ ಊರಲ್ಲೇ ಇರಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ವಹಿಸಿಕೊಂಡ ಮೇಲೆ, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಈಚಿನ ವರ್ಷಗಳಲ್ಲಿ ಇಂಥ ‘ಅರಿವು ಕೇಂದ್ರ’ಗಳಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ. ಕನ್ನಡ ನಾಡಿನಲ್ಲಿ ಮಕ್ಕಳ ಓದಿಗೆ ಆದ ಒಳ್ಳೆಯ ಕೆಲಸಗಳಲ್ಲಿ ಇದನ್ನು ನಾನು ಮೇಲಿನ ಸಾಲಿನಲ್ಲಿಡುತ್ತೇನೆ. ಆದರೆ ಅನೇಕ ಕಡೆ ಕಪಾಟಿನ ಮುಖ್ಯ ಭಾಗ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಹೋಗುತ್ತದೆ, ಮಕ್ಕಳ ಪುಸ್ತಕ ಏಳು ವರ್ಷದವರ ಕೈಗೆಟುಕದ ಮೇಲಿನ ಹಲಗೆಯಲ್ಲಿರುತ್ತದೆ. ಹರಿದುಹೋದೀತೆಂಬ ಭಯಕ್ಕೆ ಮನೆಗೆ ಕೊಡಲೂ ಹಿಂಜರಿಕೆ. ಮಗುವಿನ ಕೈಯಲ್ಲಿ ಓಡಾಡಿದ ಪುಸ್ತಕ ಹರಿಯಲೇಬೇಕು. ಅದಕ್ಕೆ ಗ್ರಂಥಾಲಯದವರ ಸಂಬಳ ಹಿಡಿಯುವುದಿಲ್ಲ ಎಂಬ ಒಂದು ಸಾಲಿನ ಸುತ್ತೋಲೆ ತಾಲ್ಲೂಕು ಪಂಚಾಯಿತಿಯಿಂದ ಏಪ್ರಿಲ್ ಮೊದಲ ವಾರ ಬಂದರೆ, ಕೆಳಗಿನ ಹಲಗೆಯನ್ನು ಚಿಕ್ಕವರಿಗೆ ಬಿಟ್ಟುಕೊಟ್ಟರೆ, ರಜೆ ಬಿಡುವ ದಿನ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ಮೇಷ್ಟ್ರೇ ಸಾಲು ಮಾಡಿ ಅಲ್ಲಿಗೆ ಕರೆದೊಯ್ದು ಒಬ್ಬೊಬ್ಬರಿಗೆ ಎರಡೆರಡು ಪುಸ್ತಕ ಆರಿಸಿಕೊಳ್ಳಲು ಬಿಟ್ಟರೆ, ಈ ಬೇಸಿಗೆಗೆ ಅಷ್ಟು ಸಾಕು. ಕಾಪಿ ಪುಸ್ತಕವನ್ನು ಅದೇ ದಿನ ನಿಲ್ಲಿಸಬಹುದು.