ಸಿಕ್ಕಿದ ಸದ್ದೂ ಕಟ್ಟಿದ ನಾದವೂ

ಲೋಕದಲ್ಲಿ ತಾನಾಗಿ ಹುಟ್ಟಿದ ಸದ್ದುಗಳನ್ನು ಯಂತ್ರದಿಂದ ಹಿಡಿದು, ಕತ್ತರಿಸಿ, ಹಿಂದುಮುಂದಾಗಿ ತಿರುಗಿಸಿ, ವೇಗವನ್ನು ಬದಲಿಸಿ ಕೃತಿಯಾಗಿಸುವ ಪದ್ಧತಿಗೆ ಶಾಸ್ತ್ರವನ್ನು ಕಟ್ಟಿಕೊಟ್ಟವನು ಫ್ರಾನ್ಸಿನ ಪಿಯೇರ್ ಷೆಫೆರ್. ರೇಡಿಯೋ ಎಂಜಿನಿಯರನಾಗಿದ್ದ ಈತನು 1948ರಲ್ಲಿ ಪ್ಯಾರಿಸಿನ ಬಾತಿನ್ಯೋಲ್ ನಿಲ್ದಾಣದ ರೈಲುಗಳ ಸದ್ದನ್ನು ತಟ್ಟೆಗಳ ಮೇಲೆ ಮುದ್ರಿಸಿ, ಮೂರು ನಿಮಿಷಕ್ಕೂ ಕಡಮೆಯಾದ ‘ರೈಲುಮಾರ್ಗಗಳ ಅಭ್ಯಾಸಕೃತಿ’ಯನ್ನು ರಚಿಸಿದನು. ಅದೇ ಅಕ್ಟೋಬರ್ 5ರಂದು ಅದು ಪ್ರಸಾರವಾಯಿತು.

ಸದ್ದನ್ನು ಅದರ ಕಾರಣದಿಂದ ಬಿಡಿಸಿ ಕೇಳಬೇಕೆಂಬುದು ಷೆಫೆರನ ಸಿದ್ಧಾಂತ. ಗಂಟೆಯ ನಾದದಲ್ಲಿ ಬಡಿತದ ಮೊದಲ ಕ್ಷಣವನ್ನು ಕತ್ತರಿಸಿಬಿಟ್ಟರೆ ಉಳಿದ ಭಾಗವು ಗಂಟೆಯೆಂದೇ ತೋರುವುದಿಲ್ಲವೆಂಬುದನ್ನು ಈತನು ಪ್ರಯೋಗದಿಂದ ಕಂಡುಕೊಂಡನು. ಅಂತಹ ಅನಾಥನಾದವೇ ಸಂಗೀತಕ್ಕೆ ಯೋಗ್ಯವಾದ ದ್ರವ್ಯವೆಂಬ ವಿಚಾರವು 1966ರ ಆತನ ಬೃಹದ್ಗ್ರಂಥದಲ್ಲಿ ಪೂರ್ಣರೂಪವನ್ನು ತಾಳಿತು.

ಶಾಸ್ತ್ರವು ಸೊಗಸಾಗಿದೆ, ಆದರೆ ಶಾಸ್ತ್ರಕಾರನ ಕೃತಿಯೇ ಅದಕ್ಕೆ ಒಪ್ಪುವುದಿಲ್ಲ. ಸಿಳ್ಳೂ ಗಾಲಿಗಳ ಲಯವೂ ಎಷ್ಟು ಮರುಕಳಿಸಿದರೂ ಕೇಳುವವನಿಗೆ ರೈಲು ಮರೆಯುವುದಿಲ್ಲ. ಮರೆತಿದ್ದರೆ ಆ ಕೃತಿಯಲ್ಲಿ ಸ್ವಾರಸ್ಯವೇನೂ ಉಳಿಯುತ್ತಿರಲಿಲ್ಲ. ಬೆಳಕನ್ನು ಬಯಸುವವನು ದೀಪದ ಕುಡಿಯನ್ನು ಜತನಮಾಡುವಂತೆ, ವ್ಯಂಗ್ಯವನ್ನು ಬಯಸುವವನು ವಾಚ್ಯವನ್ನು ಆದರಿಸಬೇಕೆಂದು ಆನಂದವರ್ಧನನು ಹೇಳಿದುದು ಕಾವ್ಯಕ್ಕೆ. ಸಿಕ್ಕಿದ ಸದ್ದಿಗೂ ಆ ಮಾತು ಸಲ್ಲುತ್ತದೆ. ಅದರ ಹುಟ್ಟೇ ಅದರ ವಾಚ್ಯ.

ಇದಕ್ಕೆ ಬಲವಾದ ನಿದರ್ಶನವು ಅಮೆರಿಕದ ವಿಲಿಯಂ ಬಸಿನ್ಸ್ಕಿಯ ‘ವಿಘಟನೆಯ ಕುಣಿಕೆಗಳು’ (2002–03). 1980ರ ದಶಕದ ಆದಿಯಲ್ಲಿ ರೇಡಿಯೋದಿಂದ ಹಿಡಿದ ಲಘುಸಂಗೀತದ ತುಣುಕುಗಳನ್ನು ಈತನು ತುದಿಗೆ ತುದಿ ಅಂಟಿಸಿದ ಟೇಪುಗಳಲ್ಲಿ ಇಟ್ಟಿದ್ದನು. 2001ರಲ್ಲಿ ಅವುಗಳ ಪ್ರತಿ ತೆಗೆಯುವಾಗ ಟೇಪು ಸುತ್ತಿದಷ್ಟೂ ಅದರ ಮೇಲಿನ ಕಬ್ಬಿಣದ ಆಕ್ಸೈಡಿನ ಲೇಪವು ಉದುರತೊಡಗಿತು. ಈತನು ಯಂತ್ರವನ್ನು ನಿಲ್ಲಿಸಲಿಲ್ಲ. ಮೊದಲನೆಯ ಖಂಡದಲ್ಲಿ ಒಂದೇ ಸಣ್ಣ ವಾಕ್ಯವು ಒಂದು ಗಂಟೆಗೂ ಮಿಕ್ಕಿ ಸುತ್ತುತ್ತದೆ. ಮೊದಮೊದಲು ಸ್ವರದ ಅಂಚು ಸವೆಯುತ್ತದೆ, ಬಳಿಕ ನಡುವೆ ತೂತುಗಳು ಬೀಳುತ್ತವೆ. ಯಾವ ಸುತ್ತಿನಲ್ಲಿ ಏನು ಕಳೆಯಿತೆಂದು ಹೇಳಲಾಗದು. ಕಳೆದಿದೆಯೆಂಬುದು ಮಾತ್ರ ಸ್ಪಷ್ಟ. ದೀರ್ಘವೆಂದು ಆಕ್ಷೇಪಿಸುವವರಿದ್ದಾರೆ. ಆದರೆ ಸವೆತವು ಕಿವಿಗೆ ಅನುಭವವಾಗಬೇಕಾದರೆ ಕಾಲವು ಬೇಕೇ ಬೇಕು. ಹತ್ತು ನಿಮಿಷಕ್ಕೆ ಇಳಿಸಿದರೆ ಅದು ಚಮತ್ಕಾರವಾದೀತು, ಕರುಣವಾಗದು. ಇಲ್ಲಿ ಕೇಳುವವನನ್ನು ಕಲಕುವುದು ಸ್ವರವಲ್ಲ, ಟೇಪಿನ ದೇಹ. ಕಾರಣವನ್ನು ಮರೆತು ಕೇಳಿದವನಿಗೆ ಕೃತಿಯೇ ಇಲ್ಲ.

ಒಂದು ಅಂಶವನ್ನು ಮಾತ್ರ ಎಚ್ಚರದಿಂದ ನೋಡಬೇಕು. 2001ರ ಸೆಪ್ಟೆಂಬರ್ 11ರ ಸಂಜೆ ನ್ಯೂಯಾರ್ಕಿನ ಮೇಲೆ ಕವಿದಿದ್ದ ಹೊಗೆಯನ್ನು ಬಸಿನ್ಸ್ಕಿ ಚಿತ್ರಿಸಿಕೊಂಡು, ಆ ಚಿತ್ರಗಳನ್ನೇ ಮುದ್ರಿಕೆಗಳ ಮುಖಪುಟಕ್ಕೆ ಇಟ್ಟು, ಕೃತಿಯನ್ನು ಅಂದು ಮಡಿದವರಿಗೆ ಅರ್ಪಿಸಿದನು. ಅಂದಿನಿಂದ ಅನೇಕರು ಇದನ್ನು ಆ ದುರಂತದ ಶೋಕಗೀತವೆಂದೇ ಕೇಳುತ್ತಾರೆ. ಅರ್ಪಣೆಯ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೂ ಆ ಹೊಗೆ ಸದ್ದಿನೊಳಗಿನದಲ್ಲ, ಹೊರಗಿನಿಂದ ಬಂದು ಸೇರಿದುದು; ಟೇಪಿನ ಲೇಪವು ಉದುರಿದುದು ಹಳಮೆಯಿಂದ. ಮುಖಪುಟವನ್ನು ಮಗುಚಿಟ್ಟು ಮೊದಲನೆಯ ಖಂಡವನ್ನು ಕೇಳಿದರೂ ಕೊನೆಯ ಸುತ್ತುಗಳಲ್ಲಿ ಸ್ವರಕ್ಕಿಂತ ಬಿರುಕೇ ಹೆಚ್ಚಾಗಿ ಕೇಳಿಸುತ್ತದೆ, ಮನಸ್ಸು ಅಷ್ಟೇ ಆರ್ದ್ರವಾಗುತ್ತದೆ.