ಸರಕಿಲ್ಲದ ಅಂಗಡಿಯ ಬಂಡವಾಳ

ಬೆಂಗಳೂರಿನಿಂದ ತುಮಕೂರಿನ ಹೆದ್ದಾರಿ ಹಿಡಿದರೆ ಮಾದಾವರದ ನಂತರ ಮಾಕಳಿ ಸಿಗುತ್ತದೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಹಿಮಾಲಯ ಕಂಪನಿಯಿಂದ. 1930ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದ ಸಂಸ್ಥೆ 1975ರಲ್ಲಿ ಇಲ್ಲಿ ಕಾರ್ಖಾನೆ ತೆರೆಯಿತು. ಅದರ ಬೇವಿನ ಫೇಸ್‌ವಾಶ್ ಹೇಗಿದೆಯೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ನೋಡಿ. ‘ಅತ್ಯುತ್ತಮ ಹತ್ತು ಫೇಸ್‌ವಾಶ್‌ಗಳು’ ಎಂಬ ಪುಟಗಳು ಸಾಲುಗಟ್ಟಿ ಬರುತ್ತವೆ. ಟ್ಯೂಬಿನ ಮೇಲೆ ಅಚ್ಚಾದ ಮಾತುಗಳೇ ಅಲ್ಲಿ ಹಿಂದುಮುಂದಾಗಿ ಕೂತಿರುತ್ತವೆ. ಬರೆದವರು ಅದರಿಂದ ಒಮ್ಮೆಯಾದರೂ ಮುಖ ತೊಳೆದಿದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಕೊನೆಯಲ್ಲಿ ‘ಬೆಲೆ ನೋಡಿ’ ಎಂಬ ಗುಂಡಿ. ಒತ್ತಿದವರು ಅಮೆಜಾನಿಗೆ ಹೋಗಿ ಕೊಂಡರೆ, ದಾರಿ ತೋರಿದವರಿಗೆ ಒಂದಿಷ್ಟು ಕಮಿಷನ್.

ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುವುದು ಇದಕ್ಕೇ. ಒಂದೇ ಬಗೆಯ ವಸ್ತುವಿಗೆ ಸೀಮಿತವಾದ ಇಂಥ ತಾಣವನ್ನು ನಿಶ್ ಸ್ಟೋರ್ ಎನ್ನುತ್ತಾರೆ. ಗೋದಾಮು ಬೇಡ, ಸರಕು ಬೇಡ, ಡೆಲಿವರಿಯ ತಲೆನೋವಿಲ್ಲ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ, ಮನೆಯಲ್ಲೇ ಏನಾದರೂ ಮಾಡಬೇಕೆನ್ನುವವರಿಗೆ ಇದನ್ನು ಕಲಿಸುವ ವಿಡಿಯೊಗಳಿಗೂ ಕೋರ್ಸುಗಳಿಗೂ ಬರವಿಲ್ಲ. ಈ ಕಸುಬು ನಿಜಕ್ಕೂ ಕಸುಬೇ, ಹೊಸಬರಿಗೆ ಅದನ್ನು ಕಲಿಸುವ ರೀತಿ ಸರಿಯೇ ಎಂದು ಒರೆಗೆ ಹಚ್ಚಿ ನೋಡಬೇಕಾಗಿದೆ.

ಕಲಿಸುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಜನ ಹುಡುಕುವ, ಆದರೆ ಸ್ಪರ್ಧೆ ಕಡಿಮೆಯಿರುವ ವಸ್ತುವೊಂದನ್ನು ಆರಿಸು. ಡೊಮೇನ್, ಹೋಸ್ಟಿಂಗ್ ಕೊಳ್ಳು. ವರ್ಡ್‌ಪ್ರೆಸ್ ಹಾಕು, ಅದರ ಮೇಲೆ ವೂಕಾಮರ್ಸ್ ಹಾಕು. ಸ್ವಂತ ಸರಕಿಲ್ಲದೆ ‘ಕೊಳ್ಳಿ’ ಗುಂಡಿಯನ್ನು ಬೇರೆ ತಾಣಕ್ಕೆ ತಿರುಗಿಸುವ ವ್ಯವಸ್ಥೆ ವೂಕಾಮರ್ಸ್‌ನಲ್ಲೇ ಇದೆ. ಆಮೇಲೆ ಐವತ್ತು ಲೇಖನ ತುಂಬಿಸು, ಪುಟದ ವೇಗ ಹೆಚ್ಚಿಸು, ಗೂಗಲ್ ಬರುವುದನ್ನು ಕಾಯಿ. ಈ ಪಾಠದಲ್ಲಿ ತಾಂತ್ರಿಕವಾಗಿ ತಪ್ಪು ಕಡಿಮೆ. ಪ್ರೋಗ್ರಾಮಿಂಗ್ ಓದದವರೂ ಒಂದು ವಾರಾಂತ್ಯದಲ್ಲಿ ಅಂಗಡಿಯ ಮುಖ ನಿಲ್ಲಿಸಬಲ್ಲರು. ಅಷ್ಟರಮಟ್ಟಿಗೆ ಮೆಚ್ಚಲೇಬೇಕು.

ಮುಖ ನಿಂತ ಮೇಲೆ ಅಂಗಡಿಯೊಳಗೆ ಏನಿದೆ ಎಂಬುದನ್ನು ಮಾತ್ರ ಈ ಪಾಠ ಕೇಳುವುದೇ ಇಲ್ಲ. ಕೇಳದಿರಲು ಕಾರಣವೂ ಉಂಟು. ಹೋಸ್ಟಿಂಗ್ ಕಂಪನಿಗಳು ಹೊಸ ಗಿರಾಕಿಯನ್ನು ಕರೆತಂದವರಿಗೆ ಕೊಡುವ ಕಮಿಷನ್, ಒಂದು ಫೇಸ್‌ವಾಶ್ ಮಾರಿಸಿದರೆ ಬರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪಾಠದ ವಿಡಿಯೊ ಕೆಳಗೆ ಹೋಸ್ಟಿಂಗ್ ಕೊಂಡಿ ಇದ್ದರೆ, ಕಲಿಸುವವರ ಗಿರಾಕಿ ಕಲಿಯುವವರೇ. ತಾಣ ಕಟ್ಟಿದ ದಿನವೇ ಗುರುವಿನ ವ್ಯಾಪಾರ ಮುಗಿಯಿತು. ಶಿಷ್ಯನ ವ್ಯಾಪಾರ ಶುರುವಾಗುತ್ತದೋ ಇಲ್ಲವೋ ಎನ್ನುವುದು ಬೇರೆ ಮಾತು.

ಮೂಲದಲ್ಲಿ ಈ ಪದ್ಧತಿ ಹೀಗಿರಲಿಲ್ಲ. ಅಮೆಜಾನ್ ತನ್ನ ಅಸೋಸಿಯೇಟ್ಸ್ ಯೋಜನೆ ಆರಂಭಿಸಿದ್ದು 1996ರಲ್ಲಿ, ಪುಸ್ತಕ ಮಾರುತ್ತಿದ್ದ ಕಾಲದಲ್ಲಿ. ಒಂದು ವಿಷಯ ಬಲ್ಲವರು ತಮ್ಮ ತಾಣದಲ್ಲಿ ಆ ವಿಷಯದ ಒಳ್ಳೆಯ ಪುಸ್ತಕಗಳನ್ನು ಹೆಸರಿಸಿ ಕೊಂಡಿ ಕೊಡಬಹುದಿತ್ತು. ತಿಳಿವಳಿಕೆ ಮೊದಲಿತ್ತು, ಕಮಿಷನ್ ಹಿಂದೆ ಬಂತು. 2011ರಲ್ಲಿ ಅಮೆರಿಕದಲ್ಲಿ ಆರಂಭವಾದ ವೈರ್‌ಕಟರ್ ಕೂಡ ವಸ್ತುಗಳನ್ನು ತಂದು, ಬಳಸಿ, ಹೋಲಿಸಿ ಬರೆದೇ ಹೆಸರು ಮಾಡಿದ್ದು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಸುಮಾರು 3 ಕೋಟಿ ಡಾಲರಿಗೆ ಕೊಂಡಿತು. ಕನ್ನಡದಲ್ಲಿ ಈ ಶಿಸ್ತು ಬಲ್ಲವರು ಇಲ್ಲವೆಂದಲ್ಲ. ಯು. ಬಿ. ಪವನಜ ಅವರು ಕನ್ನಡಪ್ರಭದ ಗ್ಯಾಜೆಟ್ ಲೋಕ ಅಂಕಣದಲ್ಲಿ ಗ್ಯಾಜೆಟ್ಟುಗಳನ್ನು ಪರಿಶೀಲಿಸಿ ಗುಣದೋಷ ಬರೆಯುತ್ತಿದ್ದರು. ಕನ್ನಡದ ಓದುಗರು ಇಂಥ ಬರಹವನ್ನು ಓದುತ್ತಾರೆ, ನಂಬುತ್ತಾರೆ ಎಂಬುದಕ್ಕೆ ಆ ಅಂಕಣವೇ ಸಾಕ್ಷಿ. ಈಗಿನ ಪಾಠ ಇದನ್ನು ತಲೆಕೆಳಗು ಮಾಡಿದೆ. ಮೊದಲು ಕಮಿಷನ್, ಆಮೇಲೆ ವಸ್ತು, ತಿಳಿವಳಿಕೆ ಬಂದರೆ ಬರಲಿ.

ಮಾಕಳಿಯ ಹತ್ತಿರದ ದಾಸನಪುರದಲ್ಲಿ ಎಪಿಎಂಸಿ ಉಪಮಾರುಕಟ್ಟೆಯಿದೆ. ಅಲ್ಲಿನ ಮಂಡಿಯವರೂ ಬದುಕುವುದು ಕಮಿಷನ್ನಿನಿಂದಲೇ. ಆದರೆ ಅವರಿಗೆ ಲೈಸೆನ್ಸ್ ಬೇಕು. ಕಮಿಷನ್ ಯಾರಿಂದ ಹಿಡಿಯಬಹುದು, ಯಾರಿಂದ ಹಿಡಿಯಬಾರದು ಎಂಬ ನಿಯಮವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಚೀಲ ಬಿಚ್ಚಿ ಈರುಳ್ಳಿಯ ತೇವ ನೋಡದೆ ಅವರು ಬಾಯಿ ತೆರೆಯುವುದಿಲ್ಲ. ನಿಯಮ ಮುರಿಯುವವರ ಮೇಲೆ ರೈತರ ದೂರು ಇದ್ದದ್ದೇ. ಆದರೂ ಸರಕು ನೋಡದ ಮಂಡಿಯವನನ್ನು ಮಾರುಕಟ್ಟೆ ಒಂದು ಹಂಗಾಮಿನಲ್ಲೇ ಹೊರಗಟ್ಟುತ್ತದೆ. ಅಫಿಲಿಯೇಟ್ ಪಾಠ ಹೊಸಬರಿಗೆ ಹೇಳುವುದು ಚೀಲ ಬಿಚ್ಚದೆಯೇ ದರ ಕೂಗು ಎಂದು.

ಹೀಗೆ ಕೂಗಿದವರಿಗೆ ಗೂಗಲ್ ಹಂತಹಂತವಾಗಿ ಬಾಗಿಲು ಮುಚ್ಚುತ್ತ ಬಂದಿದೆ. 2011ರ ಪಾಂಡಾ ಬದಲಾವಣೆ ತೆಳುಬರಹದ ತಾಣಗಳನ್ನು ಕೆಳಗಿಳಿಸಿತು. ಏಪ್ರಿಲ್ 2021ರಲ್ಲಿ ವಸ್ತು ವಿಮರ್ಶೆಗಳಿಗೆಂದೇ ಪ್ರತ್ಯೇಕ ಮಾನದಂಡ ಬಂತು. ಆಗಸ್ಟ್ 2022ರಿಂದ ಹುಡುಕು ಯಂತ್ರಕ್ಕಾಗಿ ಬರೆದದ್ದನ್ನು ಹಿಂದೆ ತಳ್ಳುವ ಕ್ರಮ, ಮಾರ್ಚ್ 2024ರಲ್ಲಿ ಎಐ ಬಳಸಿಯೋ ಬೇರೆ ರೀತಿಯಲ್ಲೋ ರಾಶಿರಾಶಿ ಪುಟ ಸುರಿಯುವುದನ್ನು ನೇರವಾಗಿ ಸ್ಪ್ಯಾಮ್ ಎಂದು ಕರೆದ ನಿಯಮ. ಮಾರಾಟಗಾರರ ವಿವರಣೆಯನ್ನೇ ನಕಲಿಸಿ ಕೊಂಡಿ ಹಚ್ಚುವ ಪುಟಗಳನ್ನು ಗೂಗಲ್‌ನ ಸ್ಪ್ಯಾಮ್ ನಿಯಮಾವಳಿ ಹೆಸರಿಟ್ಟೇ ಗುರುತಿಸುತ್ತದೆ. ಹಾಗೆಂದು ಪ್ರಾಮಾಣಿಕರು ಗೆದ್ದರು ಎನ್ನುವಂತಿಲ್ಲ. ಏರ್ ಪ್ಯೂರಿಫೈಯರ್‌ಗಳನ್ನು ತಾವೇ ಪರೀಕ್ಷಿಸಿ ಬರೆಯುತ್ತಿದ್ದ ಹೌಸ್‌ಫ್ರೆಶ್ ಎಂಬ ಸಣ್ಣ ತಾಣ, ದೊಡ್ಡ ಪತ್ರಿಕಾ ಸಂಸ್ಥೆಗಳ ಪರೀಕ್ಷೆಯಿಲ್ಲದ ಪಟ್ಟಿಗಳ ಕೆಳಗೆ ತಾನು ಹೂತುಹೋದ ಬಗೆಯನ್ನು 2024ರ ಫೆಬ್ರವರಿಯಲ್ಲಿ ವಿವರವಾಗಿ ಬರೆಯಿತು. ಆ ವರ್ಷದ ಆಗಸ್ಟಿನಿಂದ ಭಾರತದಲ್ಲೂ ಗೂಗಲ್ ಎಐ ಉತ್ತರಗಳನ್ನು ಕೊಂಡಿಗಳಿಗಿಂತ ಮೇಲೆ ತೋರಿಸತೊಡಗಿತು. ಗೂಗಲ್ ಒಂದನ್ನೇ ನೆಚ್ಚಿದ ಅಂಗಡಿ ಯಾವತ್ತೂ ಬಾಡಿಗೆ ಮನೆಯಲ್ಲೇ ಇರಬೇಕು.

ಹಾಗಾದರೆ ಹೊಸಬರು ಕೈಬಿಡಬೇಕೇ? ಬೇಡ. ಆದರೆ ವಸ್ತುವಿನಿಂದ ಆರಂಭಿಸದೆ, ತಮ್ಮ ಸುತ್ತ ಇರುವ ತೊಡಕಿನಿಂದ ಆರಂಭಿಸಬೇಕು. ಮಾಕಳಿಯ ಸುತ್ತಲೇ ಒಂದು ಉದಾಹರಣೆ ಹಿಡಿಯೋಣ. ತುಮಕೂರು ರಸ್ತೆಯ ಆಸುಪಾಸಿನಲ್ಲಿ ಬೋರ್‌ವೆಲ್ ನೀರನ್ನು ನೆಚ್ಚಿದ ಮನೆಗಳು ಸಾಕಷ್ಟಿವೆ. ನಲ್ಲಿಯ ಬಾಯಲ್ಲಿ ಬಿಳಿ ಪದರ, ಬಕೆಟ್ಟಿಗೆ ಹಿಡಿದ ಸುಣ್ಣ, ಕೆಲವೇ ವರ್ಷಗಳಲ್ಲಿ ಕೆಡುವ ಗೀಜರ್ ಇಲ್ಲಿನವರಿಗೆ ಹೊಸತಲ್ಲ. ‘ಅತ್ಯುತ್ತಮ ಗೀಜರ್’ ಪಟ್ಟಿಗಳು ಲೀಟರ್, ಸ್ಟಾರ್ ರೇಟಿಂಗ್, ವಾರಂಟಿ ಹೇಳಿ ಸುಮ್ಮನಾಗುತ್ತವೆ. ಇಲ್ಲಿನ ಕೊಳ್ಳುವವರಿಗೆ ಬೇಕಾದದ್ದು ಅದರಾಚೆಯದು.

ಟ್ಯಾಂಕಿನೊಳಗೆ ಮೆಗ್ನೀಸಿಯಂ ಆನೋಡ್ ಸರಳು ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ಅದು ಸವೆಯುತ್ತದೆ. ಸವೆದಾಗ ಬದಲಿಸದಿದ್ದರೆ ಟ್ಯಾಂಕೇ ಸವೆಯುತ್ತದೆ. ಕಾಯಿಲ್ ಮೇಲೆ ಸುಣ್ಣ ಕಟ್ಟಿದಷ್ಟೂ ಬಿಸಿ ನೀರಿಗೆ ದಾಟದೆ ಕಾಯಿಲ್ ಸುಡುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವ ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆಯೇ ಹೊರತು ಗಡಸುತನ ಅಳೆಯುವುದಿಲ್ಲ; ಗಡಸುತನಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳೆಯುವ ಬೇರೆ ಕಿಟ್ ಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದಾಗ 600ರವರೆಗೆ. ಅಡುಗೆಮನೆಯ ಆರ್‌ಓ ಸ್ನಾನದ ನೀರಿಗೆ ಪರಿಹಾರವಲ್ಲ. ಅದಕ್ಕೆ ಸಾಫ್ಟ್‌ನರ್ ಬೇಕು, ಅದರ ರೆಸಿನ್ನಿಗೆ ಆಗಾಗ ಉಪ್ಪು ತುಂಬಬೇಕು. ಇಷ್ಟನ್ನು ಕನ್ನಡದಲ್ಲಿ, ತಾವೇ ತೆಗೆದ ಫೋಟೊ ಸಮೇತ, ಊರಿನ ಪ್ಲಂಬರನ್ನು ಕೇಳಿ ಬರೆದ ತಾಣಕ್ಕೆ ಅಮೆಜಾನಿನ ಪುಟ ಹೇಳದ್ದನ್ನು ಹೇಳಿದ ಹಿರಿಮೆ ಸಿಗುತ್ತದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ಸಾವಿರ ಓದುಗರಲ್ಲಿ ಐವರು ಕೊಳ್ಳುತ್ತಾರೆ, ಕಮಿಷನ್ ಶೇ 5 ಎಂದು ಸುಮ್ಮನೆ ಹಿಡಿಯೋಣ. 150 ರೂಪಾಯಿಯ ಫೇಸ್‌ವಾಶ್‌ನಿಂದ ಬರುವುದು ಒಟ್ಟು 37 ರೂಪಾಯಿ 50 ಪೈಸೆ. 8,000 ರೂಪಾಯಿಯ ಗೀಜರಿನಿಂದ 2,000 ರೂಪಾಯಿ. ಆದರೆ ಗೀಜರಿನಲ್ಲಿ ಒಂದು ಗುಪ್ತ ಕಂದಕವಿದೆ. ಕೊಂಡಿ ಒತ್ತಿದ 24 ಗಂಟೆಯೊಳಗೆ ಗಿರಾಕಿ ಕೊಳ್ಳಬೇಕು ಅಥವಾ ಕಾರ್ಟಿಗಾದರೂ ಹಾಕಬೇಕು. ಇಲ್ಲದಿದ್ದರೆ ಅಮೆಜಾನಿನ ಲೆಕ್ಕದಲ್ಲಿ ನೀವು ದಾರಿ ತೋರಿಸಿಯೇ ಇಲ್ಲ. ಮನೆಯವರನ್ನು ಕೇಳಿ, ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ವಿಚಾರಿಸಿ ಕೊಳ್ಳುವ ವಸ್ತುವಿಗೆ ಒಂದು ದಿನ ಸಾಲದು. ಆನೋಡ್ ಸರಳು, ಸುಣ್ಣ ಕರಗಿಸುವ ಪುಡಿ, ಗಡಸುತನದ ಕಿಟ್ ಇವನ್ನಾದರೆ ಓದಿದ ತಕ್ಷಣ ಕೊಳ್ಳುತ್ತಾರೆ, ಮತ್ತೆ ಮತ್ತೆ ಕೊಳ್ಳುತ್ತಾರೆ. ಗೀಜರ್ ಅಂಗಡಿಗಿಂತ ಬೋರ್ ನೀರಿನ ಅಂಗಡಿ ಮೇಲು ಎನ್ನುವುದು ಇದಕ್ಕೇ. ಕೀವರ್ಡ್ ಹುಡುಕುವ ಸಾಫ್ಟ್‌ವೇರ್ ಇದನ್ನು ತೋರಿಸಿಕೊಡುವುದಿಲ್ಲ.

ಇನ್ನು ಅಂಗಡಿಯನ್ನು ಚುರುಕುಗೊಳಿಸುವ ಮಾತು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಮೂಡಬೇಕು, ಬೆರಳು ತಾಗಿದ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯಿಸಬೇಕು ಎಂಬುದು ಗೂಗಲ್‌ನ ಅಳತೆ. ಇಂಗ್ಲಿಷ್ ಪಾಠಗಳು ಇದನ್ನು ಹೇಳುತ್ತವೆ, ಕನ್ನಡದ ತೊಡಕುಗಳನ್ನು ಹೇಳುವುದಿಲ್ಲ. ಕನ್ನಡ ಫಾಂಟ್ ತಡವಾಗಿ ಇಳಿದರೆ ಅಕ್ಷರದ ಅಗಲ ಬದಲಾಗಿ ಪುಟವೇ ಕುಪ್ಪಳಿಸುತ್ತದೆ. ಒಂದೇ ಫಾಂಟ್, ಎರಡೇ ದಪ್ಪ ಸಾಕು. ವಿಳಾಸದಲ್ಲಿ ಕನ್ನಡ ಅಕ್ಷರ ಹಾಕಿದರೆ ವಾಟ್ಸ್‌ಆ್ಯಪಿನಲ್ಲಿ ಹಂಚುವಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿಯಾಗಬಹುದು. ಅಲ್ಲಿಗೆ ರೋಮನ್ ಲಿಪಿಯೇ ವಾಸಿ. ಜನ ಹುಡುಕುವುದು ಗೀಜರ್, ಗೀಸರ್, ಗೀಝರ್ ಎಂದು ಬಗೆಬಗೆಯಾಗಿ, ಎಷ್ಟೋ ಸಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಇಲ್ಲವೇ ಬಾಯಲ್ಲೇ ಹೇಳಿ. ಪುಸ್ತಕದ ಪದಕ್ಕೆ ಜೋತುಬಿದ್ದ ಶೀರ್ಷಿಕೆ ಅವರಿಗೆ ಸಿಗುವುದಿಲ್ಲ. 2020ರ ಜೂನಿನಲ್ಲಿ ಫ್ಲಿಪ್‌ಕಾರ್ಟ್, ಸೆಪ್ಟೆಂಬರಿನಲ್ಲಿ ಅಮೆಜಾನ್ ಕನ್ನಡದಲ್ಲಿ ತೆರೆದುಕೊಂಡಿವೆ. ಕೊಳ್ಳುವ ಗುಂಡಿ ಕನ್ನಡಕ್ಕೆ ಬಂದಿದೆ. ಯಾವುದನ್ನು ಏಕೆ ಕೊಳ್ಳಬೇಕು ಎಂಬ ಮಾತು ಇನ್ನೂ ಅಷ್ಟಾಗಿ ಬಂದಿಲ್ಲ. ಅವಕಾಶ ಇರುವುದು ಅಲ್ಲೇ.

ಅಮೆಜಾನಿನ ನಿಯಮಗಳನ್ನು ಹೊಸಬರು ಕಾಟವೆಂದು ಬಗೆಯುತ್ತಾರೆ. 180 ದಿನದೊಳಗೆ ಮೂರು ಅರ್ಹ ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತದೆ. ಅದರ ಚಿತ್ರಗಳನ್ನು ಇಳಿಸಿಕೊಂಡು ಹಾಕುವಂತಿಲ್ಲ, ಗ್ರಾಹಕರ ಅಭಿಪ್ರಾಯ ನಕಲಿಸುವಂತಿಲ್ಲ, ದಿನದಿನ ಬದಲಾಗುವ ಬೆಲೆಯನ್ನು ಕೈಯಿಂದ ಬರೆದಿಡುವಂತಿಲ್ಲ, ತನ್ನ ಕೊಂಡಿಯಿಂದ ತಾನೇ ಕೊಳ್ಳುವಂತಿಲ್ಲ. ನಿಜಕ್ಕೂ ಇವು ಒಳ್ಳೆಯ ಗುರುವಿನ ಕೆಲಸ ಮಾಡುತ್ತವೆ. ಚಿತ್ರ ಬೇಕೆಂದರೆ ವಸ್ತು ಕೈಯಲ್ಲಿರಬೇಕು, ಅಭಿಪ್ರಾಯ ಬೇಕೆಂದರೆ ಬಳಸಿರಬೇಕು. ಹತ್ತು ಗೀಜರ್ ಕೊಳ್ಳಲು ದುಡ್ಡಿಲ್ಲದವರು ನೆಂಟರ, ನೆರೆಯವರ ಮನೆಯ ಹತ್ತು ಗೀಜರ್ ನೋಡಬಹುದಲ್ಲ.

ಕಾನೂನಿನ ಕಡೆಗೂ ಹೊಸಬರ ಕಣ್ಣಿರಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಜೂನ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಶಿಫಾರಸು ಮಾಡುವವರಿಗೂ ಮಾರುವವರಿಗೂ ಇರುವ ಹಣದ ನಂಟನ್ನು ಬಹಿರಂಗಪಡಿಸಬೇಕು. ಕೊಂಡಿಯಿಂದ ಕಮಿಷನ್ ಬರುತ್ತದೆಂದು ಪುಟದ ತುದಿಯಲ್ಲಿ ಇರುವೆಯಕ್ಷರದಲ್ಲಿ ಬರೆದರೆ ಸಾಲದು. ಮೊದಲ ಕೊಂಡಿಗೆ ಮುಂಚೆಯೇ ನೇರವಾಗಿ ಹೇಳಬೇಕು. ಆರೋಗ್ಯ, ಚರ್ಮ, ಮೈತೂಕದ ವಿಷಯಗಳಲ್ಲಿ ಅರ್ಹತೆಯಿಲ್ಲದ ಸಲಹೆಗೆ 2023ರಿಂದ ನಿಯಮ ಇನ್ನೂ ಬಿಗಿಯಾಗಿದೆ. ಮನೆ ಪಕ್ಕದಲ್ಲೇ ಆಯುರ್ವೇದದ ಕಾರ್ಖಾನೆ ಇದೆಯೆಂದು ಮಾಕಳಿಯ ಯುವಕನೊಬ್ಬ ಫೇಸ್‌ವಾಶ್ ತಾಣ ತೆರೆದರೆ, ಕಮಿಷನ್ ಪೈಸೆಗಳಲ್ಲಿ, ಹೊಣೆ ರಾಶಿಯಲ್ಲಿ.

ಒಟ್ಟಿನಲ್ಲಿ, ಅಫಿಲಿಯೇಟ್ ಅಂಗಡಿ ಮೋಸವೂ ಅಲ್ಲ, ಮಲಗಿದ್ದಾಗಲೂ ದುಡಿಯುವ ಹಸುವೂ ಅಲ್ಲ. ಅದು ಬರವಣಿಗೆ ಮತ್ತು ವಿಚಾರಣೆಯ ಕಸುಬು. ತಾಣ ಕಟ್ಟುವುದು ಅದರ ಅತಿ ಸುಲಭದ, ಅತಿ ಅಗ್ಗದ ಭಾಗ. ಪಾಠಗಳು ಆ ಸುಲಭದ ಭಾಗವನ್ನು ಚೆನ್ನಾಗಿ ಕಲಿಸಿ, ಕಷ್ಟದ ಭಾಗವನ್ನು ಇಲ್ಲವೆನ್ನುತ್ತವೆ. ಹೊಸಬರಿಗೆ ನನ್ನ ಶಿಫಾರಸು ಇಷ್ಟೇ: ಐವತ್ತು ಪುಟ ಬೇಡ, ಐದು ಪುಟ ಬರೆಯಿರಿ. ಕೊಂಡಿ ಹಾಕುವ ಮೊದಲು ಆ ಐದನ್ನು ಅಪಾರ್ಟ್‌ಮೆಂಟಿನ, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಒಬ್ಬರಾದರೂ ತಿರುಗಿ ಪ್ರಶ್ನೆ ಕೇಳಿದರೆ ಡೊಮೇನಿಗೆ ದುಡ್ಡು ಕಟ್ಟಿ. ಯಾರೂ ಕೇಳದಿದ್ದರೆ ಎಷ್ಟು ಚುರುಕಾದ ಪುಟವೂ ಆ ಬರಹವನ್ನು ಉಳಿಸಲಾರದು. ವಿಷಯ ಬದಲಿಸಿ, ಹೋಸ್ಟಿಂಗ್ ದುಡ್ಡು ಉಳಿಯುತ್ತದೆ.